ಐದನೇ ದಿನಕ್ಕೆ ಗೊತ್ತು ಮಾಡಿದ ದೋಣಿ

ನಮ್ಮ ಮಾವನಿಗೆ ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ. ಭಾನುವಾರ ಬಂತೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಗಾಳ ಹಿಡಿದು ಕೂರುತ್ತಾರೆ. ಕಟ್ಲಾ, ರೋಹು, ಅದೃಷ್ಟ ಇದ್ದರೆ ಬಾಳೆ ಮೀನು. ನಾಲ್ಕು ಕೆಜಿ ತೂಗಿದ ಕಟ್ಲಾ ಒಂದರ ಫೋಟೊ ಇವತ್ತಿಗೂ ಅವರ ಫೋನಿನ ವಾಲ್‌ಪೇಪರ್. ಸುಗ್ಗಿ ಮುಗಿದು, ಸಂಕ್ರಾಂತಿಯೂ ಕಳೆದ ಮೇಲೆ ಮನೆಮಂದಿ ಹನ್ನೊಂದು ಜನ ಅಂಡಮಾನಿಗೆ ಹೋಗುವುದು ಅಂತ ತೀರ್ಮಾನ ಆದಾಗ ಅವರು ಕೇಳಿದ್ದು ಒಂದೇ. "ಅಳಿಯಾ, ನೀವು ಬೀಚ್ ನೋಡ್ರಿ, ಜೈಲು ನೋಡ್ರಿ. ನನಗ ಒಂದು ದಿನ ಸಮುದ್ರದಾಗ ಗಾಳ ಹಾಕಾಕ ಬೇಕು."

ದೋಣಿ ಗೊತ್ತು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ನಾನು ಅರ್ಧ ಚೆನ್ನಾಗಿ ಮಾಡಿದೆ, ಇನ್ನರ್ಧ ಕೆಡಿಸಿದೆ. ನಮ್ಮ ಕಡೆಯಿಂದ ಈಗ ಅಂಡಮಾನಿಗೆ ಹೋಗುವವರು ಜಾಸ್ತಿ ಆಗಿದ್ದಾರೆ, ಅಲ್ವಾ. ಹಾಗಾಗಿ ನಡೆದದ್ದನ್ನು ಲೆಕ್ಕದ ಸಮೇತ ಬರೆದಿಡುತ್ತಿದ್ದೇನೆ. ದೋಣಿಯವರ ಹೆಸರು ಹೇಳುವುದಿಲ್ಲ. ಮುಂದೆ ಓದಿದರೆ ನಿಮಗೇ ಗೊತ್ತಾಗುತ್ತದೆ, ತಪ್ಪು ಹೆಚ್ಚಾಗಿ ನನ್ನದೇ.

ಮೂರು ದೋಣಿ, ಮೂರು ದರ

ನಾವು ಉಳಿಯಬೇಕಿದ್ದದ್ದು ಸ್ವರಾಜ್ ದ್ವೀಪದಲ್ಲಿ. 2018ರವರೆಗೆ ಅದರ ಹೆಸರು ಹ್ಯಾವ್‌ಲಾಕ್, ಜನ ಈಗಲೂ ಹಾಗೇ ಕರೆಯುತ್ತಾರೆ. ಮೊದಲ ದರ ಬಂದಿದ್ದು ಹೋಟೆಲ್ಲಿನವರಿಂದ. ಎರಡೂವರೆ ಗಂಟೆ, ಬೇರೆಯವರ ಜೊತೆ ಹಂಚಿಕೊಂಡು, ದಡದ ಹತ್ತಿರವೇ ಒಂದು ಸುತ್ತು. ಮಾವನಿಗೆ ಹೇಳಿದರೆ "ಅದು ಸಾಣಾಪುರದ ತೆಪ್ಪದ ರೌಂಡ್ ಇದ್ದಂಗಾತು" ಅಂದರು. ಎರಡನೆಯದು ಅಲ್ಲಿನ ಮೀನುಗಾರರ ಚಿಕ್ಕ ಎಂಜಿನ್ ದೋಣಿ. ಅಗ್ಗ. ಆದರೆ ಲೈಫ್ ಜಾಕೆಟ್ ಫೋಟೊ ಕಳಿಸಿ ಅಂದಾಗ ಆ ಕಡೆಯವರು ಸುಮ್ಮನಾದರು. ಮೂರನೆಯದು ನಿಜವಾದ ಖಾಸಗಿ ಚಾರ್ಟರ್, ಅಂದರೆ ಇಡೀ ದೋಣಿ ನಮಗೇ. ಫೈಬರ್ ದೋಣಿ, ಹಿಂದೆ ಎರಡು ಎಂಜಿನ್, ಜಿಪಿಎಸ್, ತಳ ತೋರಿಸುವ ಸೋನಾರ್, ಗಾಳದ ರಾಡು, ದಾರ ಸುತ್ತುವ ರೀಲು ಎಲ್ಲ ಅವರದೇ. ನಾಲ್ಕು ಜನ ಗಾಳ ಹಾಕಬಹುದು. ಎಂಟು ಗಂಟೆಗೆ 48,000 ರೂಪಾಯಿ, ಅರ್ಧ ಮುಂಗಡ.

ಎರಡು ಎಂಜಿನ್ ಯಾಕೆ ಬೇಕು ಅಂತ ಭಾವ ಕೇಳಿದರು. ಅವರು ರಾಯಚೂರಿನಲ್ಲಿ ಮೇಷ್ಟ್ರು, ಎಲ್ಲದಕ್ಕೂ ಕಾರಣ ಬೇಕು. ದಡದಿಂದ ಹತ್ತಾರು ಕಿಲೋಮೀಟರ್ ಹೊರಗೆ ಒಂದು ಎಂಜಿನ್ ಕೆಟ್ಟರೆ ಇನ್ನೊಂದರಲ್ಲಿ ನಿಧಾನಕ್ಕೆ ವಾಪಸ್ ಬರಬಹುದು. ಅಷ್ಟೇ ಕಾರಣ, ಆದರೆ ಸಾಕಷ್ಟು ದೊಡ್ಡ ಕಾರಣ.

ಮಾವನ ಕಣ್ಣಿದ್ದದ್ದು ಜೈಂಟ್ ಟ್ರೆವಲಿ ಮೇಲೆ. ಅಲ್ಲಿನವರು ಜಿಟಿ ಅನ್ನುತ್ತಾರೆ. ಹವಳದ ದಿಬ್ಬಗಳ ಅಂಚಿನಲ್ಲಿ ಬೇಟೆಯಾಡುವ ಬಲಶಾಲಿ ಮೀನು, ಇದರ ಸಲುವಾಗಿಯೇ ವಿದೇಶದಿಂದ ಅಂಡಮಾನಿಗೆ ಬರುವವರಿದ್ದಾರೆ. ಗಾಳದಲ್ಲಿ ಹಿಡಿದ ದಾಖಲೆ 72.8 ಕೆಜಿ, 2006ರಲ್ಲಿ ಜಪಾನಿನಲ್ಲಿ. ನಾನು ಇದನ್ನು ಓದಿ ಹೇಳಿದಾಗ ಮಾವ ತಕ್ಷಣ "ಅಂದರ ಒಂದು ಭತ್ತದ ಚೀಲ" ಅಂದರು. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆಜಿ. ಆಮೇಲೆ ಮನೆಯಲ್ಲಿ ಯಾರೂ ಜಿಟಿ ಅನ್ನಲೇ ಇಲ್ಲ. ಎಲ್ಲರ ಬಾಯಲ್ಲೂ ಅದು "ಚೀಲ".

ಕೇಳಿದ್ದು, ಕೇಳದೆ ಬಿಟ್ಟದ್ದು

ನಾನು ಒಳ್ಳೆಯ ಪ್ರಶ್ನೆಗಳನ್ನೇ ಕೇಳಿದೆ ಅಂತ ಆಗ ಅಂದುಕೊಂಡಿದ್ದೆ. ದೋಣಿಯ ನೋಂದಣಿ, ಪ್ರಯಾಣಿಕರ ವಿಮೆ, ರೇಡಿಯೊ, ತಲೆಗೊಂದು ಲೈಫ್ ಜಾಕೆಟ್. ಎಲ್ಲದಕ್ಕೂ ಫೋಟೊ ಬಂತು. ಮೀನು ಹಿಡಿಯುವ ಜಾಗ ಕಾನೂನು ಪ್ರಕಾರ ಸರಿಯಾ ಅಂತಲೂ ಕೇಳಿದೆ. ಹ್ಯಾವ್‌ಲಾಕ್ ಪಕ್ಕದಲ್ಲೇ ರಾಣಿ ಝಾನ್ಸಿ ಸಾಗರ ರಾಷ್ಟ್ರೀಯ ಉದ್ಯಾನ ಇದೆ, ಅದರೊಳಗೆ ಗಾಳ ಹಾಕುವಂತಿಲ್ಲ. "ಗಡಿ ನಮ್ಮ ಜಿಪಿಎಸ್‌ನಲ್ಲಿ ಗುರುತು ಹಾಕಿದೆ" ಅಂತ ಉತ್ತರ ಬಂತು. ಖುಷಿಯಾಯಿತು.

ದೋಣಿ ಹೊರಡದೇ ಇದ್ದರೆ ಏನು ಅನ್ನುವುದನ್ನು ಮಾತ್ರ ನಾನು ಕೇಳಲಿಲ್ಲ. ಅವರೇ ಬರೆದಿದ್ದರು. ವಾಟ್ಸಾಪಿನಲ್ಲಿ ಬಂದ ಉದ್ದ ಇಂಗ್ಲಿಷ್ ಮೆಸೇಜಿನ ಕೊನೆಗೆ ಎರಡು ಸಾಲು. ಹವಾಮಾನದಿಂದ ದೋಣಿ ಬಿಡಲಾಗದಿದ್ದರೆ ಬೇರೆ ದಿನ ಕೊಡುತ್ತೇವೆ, ಹಣ ವಾಪಸ್ ಇಲ್ಲ. ಅದರ ಕೆಳಗೆ, ದೊಡ್ಡ ಜಿಟಿಗಳನ್ನು ಹಿಡಿದು ವಾಪಸ್ ನೀರಿಗೆ ಬಿಡಲಾಗುತ್ತದೆ. ನಾನು ಓದಿದೆ. ಹೆಬ್ಬೆರಳು ಒತ್ತಿದೆ. 24,000 ಕಳಿಸಿದೆ. ಮಾವನಿಗೆ ಈ ಎರಡು ಸಾಲು ಓದಿ ಹೇಳಲಿಲ್ಲ. ಯಾಕೆ ಅಂತ ಕೇಳಿದರೆ, ಹೇಳುವಂಥದ್ದು ಅಂತ ಅನ್ನಿಸಲೇ ಇಲ್ಲ.

ಇನ್ನು ದಿನದ ಆಯ್ಕೆ. ಆರು ದಿನದ ಪ್ರವಾಸದಲ್ಲಿ ದೋಣಿಯನ್ನು ಐದನೇ ದಿನಕ್ಕೆ ಇಟ್ಟೆ. ಮೊದಲು ಎಲ್ಲ ನೋಡಿ ಮುಗಿಸೋಣ, ಕೊನೆಗೆ ಆರಾಮಾಗಿ ಮೀನು ಹಿಡಿಯೋಣ ಅನ್ನುವ ಲೆಕ್ಕ. ಮದುವೆ ಊಟದಲ್ಲಿ ಸಿಹಿಯನ್ನು ಎಲೆಯ ತುದಿಗೆ ತಳ್ಳಿ ಕೊನೆಗೆ ತಿನ್ನುವ ಹಾಗೆ. ಆರನೇ ದಿನ ಬೆಳಿಗ್ಗೆ ಫೆರಿ, ಮಧ್ಯಾಹ್ನ ಶ್ರೀ ವಿಜಯಪುರಂನಿಂದ ವಿಮಾನ. ಅದೇ ಹಳೆಯ ಪೋರ್ಟ್ ಬ್ಲೇರ್, 2024ರಲ್ಲಿ ಹೆಸರು ಬದಲಾಯಿತು. ಅಂದರೆ "ಬೇರೆ ದಿನ ಕೊಡುತ್ತೇವೆ" ಅನ್ನುವ ಮಾತಿಗೆ ನಮ್ಮ ಪ್ರವಾಸದಲ್ಲಿ ಜಾಗವೇ ಇರಲಿಲ್ಲ. ಇಡೀ ಪ್ರಕರಣದ ಬೇರು ಇದೇ.

ನಾಲ್ಕನೇ ದಿನದ ಸಂಜೆ

ಆವತ್ತು ಮಧ್ಯಾಹ್ನ ರಾಧಾನಗರ ಬೀಚಿನಲ್ಲಿದ್ದೆವು. ನೀರು ನಮ್ಮ ಕೆರೆಯ ಹಾಗೆ ತೆಪ್ಪಗಿತ್ತು. ಸಂಜೆ ದ್ವೀಪದ ಇನ್ನೊಂದು ಬದಿಗೆ, ವಿಜಯನಗರ ಅನ್ನುವ ಬೀಚಿಗೆ ಬಂದೆವು. ಹೆಸರು ಕೇಳಿ ಮಾವನಿಗೆ ಎಲ್ಲಿಲ್ಲದ ಸಂತೋಷ, "ಇಲ್ಲೂ ನಮ್ಮದ ಐತಲೇ!" ಅಂತ. ಆದರೆ ಅಲ್ಲಿ ಗಾಳಿ ತೆಂಗಿನ ಗರಿಗಳನ್ನು ಒಂದೇ ಕಡೆಗೆ ಬಾಚುತ್ತಿತ್ತು. ದೂರದ ನೀರಿನ ಮೇಲೆಲ್ಲ ಬಿಳಿ ನೊರೆ. ಒಂದೇ ದ್ವೀಪ, ಒಂದೇ ದಿನ, ಎರಡು ಸಮುದ್ರ. ಜನವರಿಯಲ್ಲಿ ಅಲ್ಲಿ ಗಾಳಿ ಈಶಾನ್ಯದಿಂದ ಬೀಸುತ್ತದೆ. ಪೂರ್ವದ ದಡಕ್ಕೆ ಪೂರ್ತಿ ಹೊಡೆತ, ಪಶ್ಚಿಮದ ರಾಧಾನಗರಕ್ಕೆ ಗುಡ್ಡ-ಕಾಡುಗಳ ಮರೆ. ಆ ಹೊತ್ತಿಗೆ ಇದು ನನಗೆ ಹೊಳೆದಿರಲಿಲ್ಲ. ಸುಮ್ನೆ ಫೋಟೊ ತೆಗೆಯುತ್ತಿದ್ದೆ.

ಏಳು ಗಂಟೆಗೆ ದೋಣಿಯವರ ಮೆಸೇಜ್ ಬಂತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಸಮುದ್ರದ ಅಲೆಗಳ ಮುನ್ಸೂಚನೆ ಕೊಡುತ್ತದೆ, ಮೀನುಗಾರರೆಲ್ಲ ಅದನ್ನೇ ನೋಡುತ್ತಾರೆ. ನಾಳೆ ಹೊರಗಿನ ಸಮುದ್ರದಲ್ಲಿ ಅಲೆ 2 ಮೀಟರ್ ದಾಟುತ್ತದೆ, ದೋಣಿ ಬಿಡುವುದಿಲ್ಲ. ಆರನೇ ದಿನ ಅಥವಾ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಬನ್ನಿ.

ಒಂದು ವರ್ಷದೊಳಗೆ! ಗಂಗಾವತಿಯಿಂದ ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ವಿಮಾನ, ಆಮೇಲೆ ಫೆರಿ. ಒಂದು ದೋಣಿಗಾಗಿ ಯಾರು ಮತ್ತೆ ಬರುತ್ತಾರೆ? ನಾನು ಮಾಲೀಕರಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ನಯವಾಗಿಯೇ ಅದೇ ಎರಡು ಸಾಲನ್ನು ಮತ್ತೆ ಕಳಿಸಿದರು. ಕೆಳಗೆ ನನ್ನದೇ ಹೆಬ್ಬೆರಳು ಇತ್ತು. ಬಾಯಿ ಮುಚ್ಚಿತು.

ಆಗ ಮಾವ ಎದ್ದರು. "ಮಾಲಕನ್ನ ಬಿಡು. ದೋಣಿ ನಡೆಸಾಂವ ಎಲ್ಲದಾನ?" ಕ್ಯಾಪ್ಟನ್ ಜೆಟ್ಟಿಯಲ್ಲಿದ್ದ. ಹೋದೆವು. ಮೂವತ್ತೈದರ ಆಸುಪಾಸಿನ ಹುಡುಗ, ಬಿಸಿಲಿಗೆ ಕಪ್ಪಾದ ಮುಖ. ಹಿಂದಿಯಲ್ಲಿ ಶುರುವಾದ ಮಾತು ಎರಡೇ ನಿಮಿಷಕ್ಕೆ ತೆಲುಗಿಗೆ ಹೊರಳಿತು. ಅವನ ಅಜ್ಜ ಶ್ರೀಕಾಕುಳಂ ಕಡೆಯಿಂದ ಬಂದು ಅಂಡಮಾನಿನಲ್ಲಿ ನೆಲೆಸಿದವರು. ನಮ್ಮ ಮಾವ ಮೂವತ್ತು ವರ್ಷದಿಂದ ಗಂಗಾವತಿ, ಕಾರಟಗಿ, ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ರೈತರ ಜೊತೆ ವ್ಯವಹಾರ ಮಾಡುವವರು. ಭತ್ತದ ದರ ಮುರಿಯುವುದಕ್ಕೆ ಬಳಸುವ ತೆಲುಗು ಅವರಿಗೆ ಕನ್ನಡಕ್ಕಿಂತ ಚೆನ್ನಾಗಿ ಬರುತ್ತದೆ.

ಮೊದಲು ನಾನೇ ಕೇಳಿದೆ, "ನಾವು ಹಟ ಹಿಡಿದರೆ ಹೊರಗೆ ಹೋಗಬಹುದಾ?" ಅವನು ನಕ್ಕ. "ನೀವು ಎರಡು ಪಟ್ಟು ಕೊಟ್ಟರೂ ನಾನು ಹೋಗಲ್ಲ. ದೋಣಿ ಮಾಲೀಕರದು, ಸಮುದ್ರಕ್ಕೆ ಹೋಗೋನು ನಾನು." ಈ ಮಾತು ಕೇಳಿದ ಮೇಲೆ ನನ್ನ ಸಿಟ್ಟು ಅರ್ಧ ಇಳಿಯಿತು. ನಾಳೆ ಬಿಡುತ್ತೇನೆ ಬನ್ನಿ ಅನ್ನುವ ದೋಣಿಯೂ ಅದೇ ಜೆಟ್ಟಿಯಲ್ಲಿ ಸಿಗುತ್ತಿತ್ತೇನೋ. ಆ ದೋಣಿ ನಮಗೆ ಸಿಗದೇ ಹೋದದ್ದೇ ಒಳ್ಳೆಯದಾಯಿತು.

ಮಾವ ಬೇರೆ ದಾರಿ ಹಿಡಿದರು. ರಾಧಾನಗರದ ಕಡೆ ನೀರು ತೆಪ್ಪಗಿದೆಯಲ್ಲ, ಅಲ್ಲಿ ಆಗುವುದಿಲ್ಲವಾ? ಆಗುತ್ತದೆ ಅಂದ ಕ್ಯಾಪ್ಟನ್. ದ್ವೀಪದ ಮರೆಯಲ್ಲಿ, ದಡದಿಂದ ಸ್ವಲ್ಪ ದೂರದ ದಿಬ್ಬಗಳ ಮೇಲೆ, ಬೆಳಿಗ್ಗೆ ಐದು ಗಂಟೆ ಕಾಲ. ಹತ್ತೂವರೆಗೆ ಗಾಳಿ ತಿರುಗುವ ಮುಂಚೆ ವಾಪಸ್. ಆಳ ಸಮುದ್ರ ಅಲ್ಲ, ದೊಡ್ಡ ಟ್ಯೂನಾ ಸಿಗುವುದಿಲ್ಲ, ಮೊದಲೇ ಹೇಳಿಬಿಟ್ಟ. ಹಾಗಾದರೆ ಲೆಕ್ಕ ಹಾಕೋಣ ಅಂದರು ಮಾವ. 48,000ಕ್ಕೆ ಎಂಟು ಗಂಟೆ, ಗಂಟೆಗೆ ಆರು ಸಾವಿರ. ಐದು ಗಂಟೆಗೆ ಮೂವತ್ತು. ದೂರ ಓಡುವುದಿಲ್ಲ, ಪೆಟ್ರೋಲ್ ಉಳಿಯುತ್ತದೆ, ಅದಕ್ಕೆ ಎರಡು ಇಳಿಸಿ. 28,000. ಮುಂಗಡ ಹೋಗಿ ನಾವು ಕೊಡಬೇಕಾದದ್ದು ನಾಲ್ಕು ಸಾವಿರ. ಕ್ಯಾಪ್ಟನ್ ಮಾಲೀಕರಿಗೆ ಫೋನ್ ಹಚ್ಚಿದ. ಹತ್ತು ನಿಮಿಷಕ್ಕೆ ಒಪ್ಪಿಗೆ ಬಂತು. ನಾನು ಒಂದು ಗಂಟೆ ಜಗಳಾಡಿ ಪಡೆಯದ್ದನ್ನು ಮಾವ ಗಿರಣಿ ಲೆಕ್ಕದಲ್ಲಿ ಪಡೆದರು.

ನೀರಿನ ಮೇಲೆ

ಬೆಳಿಗ್ಗೆ ಐದೂವರೆ. ಅಂಡಮಾನ್ ನಮ್ಮ ಊರಿಗಿಂತ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಸೂರ್ಯ ನಮಗಿಂತ ಒಂದು ಗಂಟೆ ಮೊದಲೇ ಬರುತ್ತಾನೆ, ಸಂಜೆ ಅಷ್ಟೇ ಬೇಗ ಹೋಗುತ್ತಾನೆ. ಹಾಗಾಗಿ ದೋಣಿಗೆ ಹೋಗುವವರು ಇಲ್ಲಿನ ಲೆಕ್ಕದಲ್ಲಿ ಎದ್ದರೆ ದಿನದ ಒಳ್ಳೆಯ ಹೊತ್ತೇ ಕಳೆದಿರುತ್ತದೆ.

ಅಕ್ಕ ಕಟ್ಟಿಕೊಟ್ಟ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಡಜನ್ ಬಾಳೆಹಣ್ಣು. ಬಾಳೆಹಣ್ಣು ನೋಡಿದ್ದೇ ಕ್ಯಾಪ್ಟನ್ ಕೈ ಅಡ್ಡ ಹಿಡಿದ. ಗಾಳದ ದೋಣಿಯಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲ ಅನ್ನುವ ನಂಬಿಕೆ ಈ ಕಸುಬಿನವರಲ್ಲಿ ಬಹಳ ದೇಶಗಳಲ್ಲಿ ಇದೆ. "ದೇವರಿಗೆ ಇಡೋ ಹಣ್ಣು ಅಪಶಕುನ ಆತೇನು?" ಅಂತ ಮಾವ ಗೊಣಗಿದರು. ಆದರೂ ಹಣ್ಣು ಜೆಟ್ಟಿಯ ಚಹಾದಂಗಡಿಯವನ ಪಾಲಾಯಿತು. ಮೀನಿನ ವಿಷಯದಲ್ಲಿ ಅವರು ರಿಸ್ಕ್ ತಗೊಳ್ಳುವುದಿಲ್ಲ.

ಮೊದಲ ಗಂಟೆ ಟ್ರೋಲಿಂಗ್. ದೋಣಿ ನಿಧಾನಕ್ಕೆ ಓಡುತ್ತಿರುತ್ತದೆ, ಹಿಂದೆ ಪ್ಲಾಸ್ಟಿಕ್ ಮೀನುಗಳನ್ನು ಎಳೆಯುತ್ತಾರೆ. ಎರಡು ಸುರ್ಮಯಿ (ಅಂಜಲ್) ಮೀನು ಬಿದ್ದವು. ಒಂದು ಮಾವನ ಮಗನ ರಾಡಿಗೆ, ಒಂದು ನನ್ನದಕ್ಕೆ. ಅಷ್ಟರಲ್ಲಿ ಭಾವನ ಮುಖ ಹಸಿರಾಯಿತು. ಮರೆಯಲ್ಲಿದ್ದರೂ ಅಡಿಯಿಂದ ಉದ್ದನೆಯ ಅಲೆ ಬರುತ್ತಲೇ ಇತ್ತು, ಜೊತೆಗೆ ಪೆಟ್ರೋಲ್ ವಾಸನೆ. ಅವರು ಫೋನಿನಲ್ಲಿ ವಿಡಿಯೊ ಮಾಡುತ್ತಾ ತಲೆ ಬಗ್ಗಿಸಿ ಕೂತಿದ್ದರು, ಅದಕ್ಕಿಂತ ಕೆಟ್ಟದ್ದು ಇಲ್ಲ. ವಾಂತಿ ತಡೆಯುವ ಅವೋಮಿನ್ ಮಾತ್ರೆ ಜೇಬಿನಲ್ಲೇ ಇತ್ತು. ಬೇಕಾದರೆ ತಗೊಂಡರಾಯಿತು ಅಂತ ಇಟ್ಟುಕೊಂಡಿದ್ದರಂತೆ. ಅದನ್ನು ಹೊರಡುವ ಮೊದಲೇ ನುಂಗಬೇಕು. ಹೊಟ್ಟೆ ತಿರುಗಿದ ಮೇಲೆ ಮಾತ್ರೆ ಒಳಗೆ ನಿಲ್ಲುವುದಿಲ್ಲ, ನಿಲ್ಲಲೂ ಇಲ್ಲ. ಹೆಲ್ಪರ್ ಹುಡುಗ ಅವರನ್ನು ಹಿಂಭಾಗಕ್ಕೆ ಕೂರಿಸಿ, ದೂರದ ಕ್ಷಿತಿಜ ನೋಡಿ ಸರ್, ಬೇರೇನೂ ನೋಡಬೇಡಿ ಅಂದ. ಒಂದು ಗಂಟೆಯ ಮೇಲೆ ಅವರು ಬಾಯಿಗೆ ಹಾಕಿಕೊಂಡ ಮೊದಲ ವಸ್ತು ಕಟಕ ರೊಟ್ಟಿಯ ಚೂರು. ಅದು ಒಳಗೆ ಉಳಿಯಿತು. ಎಂಟು ಗಂಟೆ ಹೊರಗಿನ ಸಮುದ್ರದಲ್ಲಿ ಇದ್ದಿದ್ದರೆ ಭಾವನ ಗತಿ ಏನು ಅಂತ ಯೋಚಿಸಿದರೆ ಈಗಲೂ ನಗು, ಭಯ ಎರಡೂ ಬರುತ್ತವೆ.

ಚೀಲ ಬಿದ್ದದ್ದು ಒಂಬತ್ತರ ಸುಮಾರಿಗೆ. ಸೋನಾರಿನಲ್ಲಿ ತಳ ಸುಮಾರು 40 ಮೀಟರ್ ತೋರಿಸುತ್ತಿತ್ತು. ಜಿಗ್ ಅಂದರೆ ಉದ್ದನೆಯ ಲೋಹದ ಮೀನು. ಅದನ್ನು ತಳಕ್ಕೆ ಬಿಟ್ಟು, ರಾಡನ್ನು ಜಗ್ಗಿ ಜಗ್ಗಿ ಮೇಲೆ ತರಬೇಕು. ಕಾಲುವೆಯಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕೂರುವ ಮಾವನಿಗೆ ಇದು ಒಗ್ಗಲಿಲ್ಲ. "ಇದು ಗಾಳ ಅಲ್ಲ, ಬೋರ್ ಹೊಡದಂಗ" ಅಂತ ಬೈಯುತ್ತಲೇ ಜಗ್ಗುತ್ತಿದ್ದರು. ಒಂದು ಸಲ ಜಗ್ಗಿದ್ದು ಮೇಲೆ ಬರಲಿಲ್ಲ. ರಾಡ್ ಬಾಗಿ ತುದಿ ನೀರು ಮುಟ್ಟಿತು. ರೀಲಿನಿಂದ ದಾರ ಕಿರ್ರೆಂದು ಬಿಚ್ಚತೊಡಗಿತು. ಮಾವ ಹಳೆಯ ಅಭ್ಯಾಸದಂತೆ ದಾರವನ್ನು ಕೈಯಿಂದ ಹಿಡಿಯಲು ಹೋದರು. ಹೆಲ್ಪರ್ ಹುಡುಗ ಅವರ ಮಣಿಕಟ್ಟಿಗೆ ಪಟ್ಟನೆ ಹೊಡೆದ. ಆ ಹೆಣೆದ ದಾರ ಬೆರಳನ್ನು ಕತ್ತರಿಸಿಬಿಡುತ್ತದೆ. ಅದರ ಓಟವನ್ನು ರೀಲಿನ ಡ್ರ್ಯಾಗ್ ತಡೆಯುತ್ತದೆ, ಅದು ಬ್ರೇಕ್ ಇದ್ದ ಹಾಗೆ. ಮೀನು ಎಳೆದಾಗ ಬಿಡಬೇಕು, ನಿಂತಾಗ ಸುತ್ತಬೇಕು. ಅರವತ್ತರ ಹತ್ತಿರದ ಮಾವ ಹದಿನೈದು ನಿಮಿಷ ಹೀಗೆ ಬಿಟ್ಟು ಸುತ್ತಿ, ಬಿಟ್ಟು ಸುತ್ತಿ, ತೊಡೆ ನಡುಗುವ ಹೊತ್ತಿಗೆ ನೀಲಿಯೊಳಗೆ ಬೆಳ್ಳಿಯ ಹರಿವಾಣದಂಥದ್ದು ಹೊಳೆಯಿತು.

ಜಿಟಿ. ತೂಕ ಹನ್ನೆರಡು ಕೆಜಿ. ಚೀಲದ ಆರನೇ ಒಂದು ಭಾಗ ಅಂತ ಭಾವ ಕೂತಲ್ಲಿಂದಲೇ ಲೆಕ್ಕ ಹೇಳಿದರು. ಅಷ್ಟು ಚೇತರಿಸಿಕೊಂಡಿದ್ದರು.

ಫೋಟೊ ಆಯಿತು. ಹೆಲ್ಪರ್ ಇಕ್ಕಳದಿಂದ ಗಾಳ ಬಿಡಿಸಿದ. ಗಾಳದ ಮುಳ್ಳನ್ನು ಮೊದಲೇ ಒತ್ತಿ ಸಪಾಟು ಮಾಡಿದ್ದ, ಹಾಗಾಗಿ ಸಲೀಸಾಗಿ ಬಂತು. ಆಮೇಲೆ ಮೀನನ್ನು ನೀರಿಗೆ ಇಳಿಸತೊಡಗಿದ. ಮಾವ ಕಂಗಾಲು. "ಏನಲೇ ಅಳಿಯಾ, ಹಿಡಿದಿದ್ದು ಬಿಡಾಕ ಇಷ್ಟು ರೊಕ್ಕನಾ?"

ನಾನು ಓದಿ ಹೇಳದ ಎರಡನೇ ಸಾಲು ಇದು. ದೊಡ್ಡ ಜಿಟಿಗಳೇ ಮೊಟ್ಟೆ ಇಟ್ಟು ಸಂತತಿ ಬೆಳೆಸುವ ಮೀನುಗಳು, ಅವನ್ನು ತೆಗೆದರೆ ದಿಬ್ಬ ಬರಿದಾಗುತ್ತದೆ ಅಂದೆ. ಅವರಿಗೆ ಹಿಡಿಸಲಿಲ್ಲ. ಕ್ಯಾಪ್ಟನ್ ತೆಲುಗಿನಲ್ಲಿ ಬೇರೆ ಕಾರಣ ಹೇಳಿದ. ಹವಳದ ದಿಬ್ಬದ ದೊಡ್ಡ ಬೇಟೆ ಮೀನುಗಳ ಮೈಯಲ್ಲಿ ಕೆಲವೊಮ್ಮೆ ಸಿಗ್ವಾಟೆರಾ ಅನ್ನುವ ವಿಷ ಸೇರಿರುತ್ತದೆ. ಪಾಚಿಯಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಮಾವ ಮೀನನ್ನು ನೋಡಿದರು, ಕ್ಯಾಪ್ಟನ್ನನ್ನು ನೋಡಿದರು. ಆಮೇಲೆ ತಾವೇ ಬಗ್ಗಿ ಬಾಲದ ಬುಡ ಹಿಡಿದುಕೊಂಡರು. ತಲೆ ಹರಿವಿನ ಕಡೆ ಇರಬೇಕು, ಕಿವಿರಿನೊಳಗೆ ನೀರು ಹೋಗಬೇಕು. ಅರ್ಧ ನಿಮಿಷ ಆಗಿರಬಹುದು. ಬಾಲ ಒಮ್ಮೆ ಬಲವಾಗಿ ಹೊಡೆಯಿತು, ಮಾವನ ಮುಖದ ತುಂಬ ನೀರು. ಕೈ ಖಾಲಿ.

ಜೆಟ್ಟಿಗೆ ಬರುವವರೆಗೂ ಅವರು ಮಾತಾಡಲಿಲ್ಲ. ಮುನಿಸೋ ತೃಪ್ತಿಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಲೆಕ್ಕ

ದೋಣಿಗೆ 28,000. ಹೆಲ್ಪರ್ ಹುಡುಗನಿಗೆ ಮಾವ ಕೊಟ್ಟದ್ದು ಸಾವಿರ. ಮಣಿಕಟ್ಟಿಗೆ ಹೊಡೆದದ್ದಕ್ಕೆ ಅಂತಲೇ ಹೇಳಿ ಕೊಟ್ಟರು. ಸುರ್ಮಯಿ ಎರಡನ್ನೂ ಹಿಡಿದ ತಕ್ಷಣ ಐಸಿನಲ್ಲಿ ಹಾಕಿದ್ದರು. ಒಂದನ್ನು ದೋಣಿಯವರಿಗೆ ಬಿಟ್ಟು ಇನ್ನೊಂದನ್ನು ಹೋಟೆಲ್ಲಿನಲ್ಲಿ ಮಾಡಿಸಿದೆವು. ಹನ್ನೊಂದು ಜನಕ್ಕೆ ತಲಾ ಎರಡು ತುಂಡು. ಖಾರ ಸಾಲದು ಅಂತ ಅಕ್ಕ ಚಟ್ನಿಪುಡಿ ಉದುರಿಸಿಕೊಂಡಳು. ಮರುದಿನ ಫೆರಿ ಅದೇ ಗಾಳಿಗೆ ಒಂದೂವರೆ ಗಂಟೆ ತಡವಾಗಿ, ವಿಮಾನ ಹಿಡಿಯಲು ಎಲ್ಲರೂ ಓಡಿದೆವು. ಕೊನೆಯ ದಿನವನ್ನು ಸಮುದ್ರದ ಕೈಗೆ ಕೊಟ್ಟ ತಪ್ಪನ್ನು ನಾನು ಎರಡು ಸಲ ಮಾಡಿದ್ದೆ ಅಂತ ಆಗಲೇ ಗೊತ್ತಾಗಿದ್ದು.

ಈ ವರ್ಷ ಸಿಂಧನೂರಿನ ಗೆಳೆಯರೊಬ್ಬರು ಹೊರಟಿದ್ದಾರೆ. ಅವರಿಗಾಗಿ ಅದೇ ದೋಣಿಯವರಿಗೆ ಮೆಸೇಜ್ ಕಳಿಸಿದೆ. "ಪ್ರವಾಸದ ಎರಡನೇ ದಿನಕ್ಕೆ ಬೇಕು. ಆವತ್ತು ಆಗದಿದ್ದರೆ ಮೂರನೇ ದಿನವೂ ನಮಗಾಗಿ ಖಾಲಿ ಇಡುತ್ತೀರಾ? ಎರಡೂ ದಿನ ಆಗದಿದ್ದರೆ ಮುಂಗಡದಲ್ಲಿ ಎಷ್ಟು ವಾಪಸ್? ಮರೆಯ ಕಡೆ ಹೋದರೆ ಗಂಟೆಗೆ ಎಷ್ಟು? ಎಂಟು ಗಂಟೆ ಜೆಟ್ಟಿ ಬಿಟ್ಟಾಗಿಂದಲೋ, ಗಾಳ ಹಾಕಿದಾಗಿಂದಲೋ? ಯಾವ ಮೀನು ಇಟ್ಟುಕೊಳ್ಳಬಹುದು, ಯಾವುದು ಬಿಡಬೇಕು?"

ಉತ್ತರ ಅರ್ಧ ಗಂಟೆಗೆ ಬಂತು. ಎಲ್ಲದಕ್ಕೂ ಒಂದೊಂದು ಸಾಲು, ಮುಂಗಡದ ಅರ್ಧ ವಾಪಸ್ ಅನ್ನುವುದೂ ಸೇರಿ. ಕೊನೆಗೆ ಒಂದು ಪ್ರಶ್ನೆ: "ಆ ತೆಲುಗು ಮಾತಾಡುವ ಮಾವನೂ ಬರುತ್ತಾರಾ? ದರ ಮೊದಲೇ ಇಳಿಸಿ ಹೇಳುತ್ತೇನೆ."